ಪದಚರ್ಚೆ: ಬೆಟ್ಟ ದಾಟುವ ಜಾಗಕ್ಕೂ ಕಣಿವೆ, ಕೆಳಗಿನ ತಗ್ಗಿಗೂ ಕಣಿವೆ?

ಎಲ್ಲರಿಗೂ ನಮಸ್ಕಾರ. ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಕೆಲಸ ನಿಂತಿದೆ. (‘ಉದ್ಯಾನ’ ಅಂದರೆ ಲಾಲ್‌ಬಾಗ್ ನೆನಪಾಗುತ್ತದೆ. ಇಲ್ಲಿ ನೋಡಿದರೆ ಬೋಳು ಬೆಟ್ಟ, ಉದುರುಕಲ್ಲು, ಹಳ್ಳದ ಪಕ್ಕ ಮಾತ್ರ ಒಂದಿಷ್ಟು ಹಸಿರು. ಆ ಜಗಳ ಇನ್ನೊಮ್ಮೆ ಆಡೋಣ.)

1981ರಲ್ಲಿ ಆದ ಉದ್ಯಾನ ಇದು. ಈಗ ಸುಮಾರು 4,400 ಚದರ ಕಿಲೋಮೀಟರ್, ನಮ್ಮ ಬಂಡೀಪುರದಂಥವು ಹತ್ತಿರ ಹತ್ತಿರ ಐದು ಹಿಡಿಸುತ್ತವೆ. ಅಲ್ಲಿನ ನೆಲ ಹೇಗಿದೆ ಅಂದರೆ, ಕೆಳಗೆ ಹಳ್ಳ ಹರಿಯುವ ಉದ್ದನೆಯ ತಗ್ಗು, ಎರಡೂ ಕಡೆ ಕಡಿದಾದ ಬೆಟ್ಟ, ತಗ್ಗಿನ ಮೇಲ್ತುದಿಯಲ್ಲಿ ಬೆಟ್ಟದ ಸಾಲು ಒಂಚೂರು ಬಾಗಿದ ಜಾಗ, ಅದನ್ನು ಹತ್ತಿ ಇಳಿದರೆ ಆಚೆಯ ತಗ್ಗು. ಆ ಬಾಗಿದ ಜಾಗವನ್ನು ಲಡಾಖಿಗಳು ‘ಲಾ’ ಅನ್ನುತ್ತಾರೆ. ರುಂಬಕ್ ಊರಿನ ಕಡೆಯಿಂದ ಗಂಡಾ ಲಾ ದಾಟಿದರೆ ಮರ್ಖಾ ಹೊಳೆಯ ಕಡೆಗೆ ಇಳಿಯಬಹುದು. ಮರ್ಖಾದ ಮೇಲ್ಭಾಗದಲ್ಲಿ ನಿಮಾಲಿಂಗ್ ಹುಲ್ಲುಗಾವಲು, ಅದರಾಚೆ ಕೊಂಗ್ಮಾರು ಲಾ. ಅದು 5,000 ಮೀಟರ್ ದಾಟುತ್ತದೆ.

ಇಂಗ್ಲಿಷಿನ ವ್ಯಾಲಿಗೂ ನಾವು ಕಣಿವೆ ಅನ್ನುತ್ತೇವೆ, ಪಾಸ್‌ಗೂ ಕಣಿವೆ. ಕಾಶ್ಮೀರ ಕಣಿವೆ ಇದೆ, ಶಾಲೆಯ ಚರಿತ್ರೆ ಪಾಠದಲ್ಲಿ ಖೈಬರ್ ಕಣಿವೆಯೂ ಇತ್ತು. ಒಂದು ಜನ ಊರು ಕಟ್ಟಿಕೊಂಡು ಬದುಕುವ ಅಗಲದ ಜಾಗ, ಇನ್ನೊಂದು ದಂಡು ನುಗ್ಗುವ ದಾರಿ. ದೂರ ದೂರ ಇದ್ದರೆ ತೊಂದರೆ ಇಲ್ಲ. ನನ್ನ ಬರಹದಲ್ಲಿ ಮಾತ್ರ ‘ರುಂಬಕ್ ಕಣಿವೆಯಿಂದ ಗಂಡಾ ಕಣಿವೆ ಹತ್ತಿ ಮರ್ಖಾ ಕಣಿವೆಗೆ ಇಳಿದರು’ ಅಂತ ಬಂದು ಕೂತಿದೆ. ಕಣಿವೆಯನ್ನು ಹತ್ತುವುದು ಹೇಗೆ ಅಂತ ಯಾರಾದರೂ ಕೇಳುತ್ತಾರೆ ಅಲ್ವಾ?

ಬೆಟ್ಟಗಳ ನಡುವಿನ ಇಕ್ಕಟ್ಟು ಸಂದಿಯೂ ಕಣಿವೆಯೇ. ಹಿರಿಯೂರಿನ ಹತ್ತಿರದ ಮಾರಿಕಣಿವೆ ನೋಡಿ. ವೇದಾವತಿ ಎರಡು ಗುಡ್ಡಗಳ ನಡುವೆ ನುಸುಳುವ ಜಾಗ ಅದು, 1907ರಲ್ಲಿ ಮುಗಿದ ಅಣೆಕಟ್ಟು ನಿಂತಿರುವುದು ಆ ಸಂದಿಗೆ ಅಡ್ಡವಾಗಿ. ಆದರೆ ಅಲ್ಲಿ ದಾಟುವುದು ನೀರು, ಅದೂ ತಳದಲ್ಲಿ. ಲಾ ಇರುವುದು ಮೇಲೆ, ಬೆಟ್ಟದ ಏಣಿನಲ್ಲಿ, ಅಂದರೆ ನೆತ್ತಿಯ ಸಾಲಿನಲ್ಲಿ.

ಹಾಗಾದರೆ ಘಾಟಿ? ಚಾರ್ಮಾಡಿ ಘಾಟಿ, ಶಿರಾಡಿ ಘಾಟಿ ಎಲ್ಲರ ಬಾಯಲ್ಲೂ ಇವೆ, ದಾಟುವ ದಾರಿ ಅನ್ನುವುದು ಥಟ್ಟನೆ ಗೊತ್ತಾಗುತ್ತದೆ. ಆದರೆ ನಮ್ಮ ಘಾಟಿ ಹತ್ತಿದರೆ ಮೇಲೆ ಮಲೆನಾಡು, ಲಾ ಹಾಗಲ್ಲ, ಹತ್ತಿದ್ದಷ್ಟೂ ಆಚೆ ಇಳಿಯಬೇಕು. ಅದಕ್ಕಿಂತ ದೊಡ್ಡ ತಲೆನೋವು ಹಿಂದಿಯದು. ಅಲ್ಲಿ ಘಾಟಿ ಅಂದರೆ ವ್ಯಾಲಿ! ಹಿಂದಿಯಲ್ಲಿ ‘ಮರ್ಖಾ ಘಾಟಿ’ ಓದಿದವರಿಗೆ ನನ್ನ ‘ಗಂಡಾ ಘಾಟಿ’ ಪೂರ್ತಿ ಉಲ್ಟಾ. ‘ಪಾಸ್’ ಅಂತೂ ಬೇಡ. ಜೊಜಿಲಾದಲ್ಲಿ ‘ಲಾ’ ಆಗಲೇ ಇದೆ, ಜೊಜಿಲಾ ಪಾಸ್ ಅಂತ ಬರೆಯುವವರು ಒಂದೇ ಮಾತನ್ನು ಎರಡು ಸಲ ಹೇಳುತ್ತಿದ್ದಾರೆ.

ಸುಮ್ನೆ ಕೂದಲು ಸೀಳುತ್ತಿಲ್ಲ. ಹಿಮಚಿರತೆ ಜಾಸ್ತಿ ಓಡಾಡುವುದು ಏಣಿನ ಗುಂಟ, ಬಂಡೆಯ ಬುಡದ ಗುಂಟ. ತನ್ನ ಗುರುತು ಬಿಡುವುದೂ ಅಲ್ಲೇ. ಚಳಿಗಾಲದಲ್ಲಿ ಅದು ಬೇಟೆಯಾಡುವ ಭರಲ್ (ಮೇಕೆಯಂಥ ಕಾಡುಪ್ರಾಣಿ) ಹಿಂಡು ಕೆಳಗಿಳಿದರೆ ಚಿರತೆಯೂ ಹಿಂದೆ ಇಳಿಯುತ್ತದೆ, ಅದನ್ನು ನೋಡುವ ಆಸೆಯವರು ಆ ಚಳಿಯಲ್ಲೇ ರುಂಬಕ್‌ಗೆ ಹೋಗುವುದು ಅದಕ್ಕೇ. 2024ರಲ್ಲಿ ಪ್ರಕಟವಾದ ಅಂದಾಜಿನಂತೆ ದೇಶದ 718 ಹಿಮಚಿರತೆಗಳಲ್ಲಿ 477 ಲಡಾಖಿನಲ್ಲೇ ಇವೆ. ‘ಕಣಿವೆಯಲ್ಲಿ ಕಂಡಿತು’ ಅಂತ ಬರೆದರೆ ಮೇಲೋ ಕೆಳಗೋ ಗೊತ್ತೇ ಆಗುವುದಿಲ್ಲ.

ಭರಲ್ ಅಂತಲೇ ಬರೆದಿದ್ದೇನೆ. ಇಂಗ್ಲಿಷಿನ ‘ಬ್ಲೂ ಶೀಪ್’ ನೋಡಿ ‘ನೀಲಿ ಕುರಿ’ ಅನ್ನುವುದು ನನಗೆ ಒಗ್ಗದು. ಅದರ ಮೈ ಬೂದು, ನಡವಳಿಕೆ ಮೇಕೆಯದು, ವಂಶದಲ್ಲೂ ಮೇಕೆಗೇ ಹತ್ತಿರ. ‘ಕಾಡುಕುರಿ’ ಅನ್ನೋಣ ಅಂದರೆ ಆ ಹೆಸರು ನಮ್ಮಲ್ಲಿ ಆಗಲೇ ಬೊಗಳುವ ಜಿಂಕೆಗೆ ಹೋಗಿದೆ.

ಮಲೆನಾಡು, ಸಂಡೂರು, ಮಾದಪ್ಪನ ಬೆಟ್ಟದ ಕಡೆಯವರು ಇದ್ದರೆ ಹೇಳಿ. ಗುಡ್ಡದ ಸಾಲಿನಲ್ಲಿ ದನ ಹೊಡೆದುಕೊಂಡು ಆಚೆ ಬದಿಗೆ ದಾಟುವ ತಗ್ಗಿಗೆ ನಿಮ್ಮ ಕಡೆ ಏನಂತಾರೆ? ಹೊಸದಾಗಿ ಕಟ್ಟಿದ ಪದ ಬೇಡ, ದನ ಕಾಯುವವರ ಬಾಯಲ್ಲಿರುವುದು ಬೇಕು. ಬೇಲಿಗೆ ಕಂಡಿ ಅನ್ನುವ ಹಾಗೆ ಬೆಟ್ಟಕ್ಕೂ ‘ಕಂಡಿ’ ಅನ್ನುವವರು ಇದ್ದಾರಾ? ಏನೂ ಸಿಗದಿದ್ದರೆ ‘ಗಂಡಾ ಲಾ’ ಅಂತಲೇ ಇಟ್ಟು, ಮೊದಲ ಸಲ ಬಂದಲ್ಲಿ ‘ಬೆಟ್ಟ ದಾಟುವ ಕಂಡಿ’ ಅಂತ ಬಿಡಿಸಿ ಹೇಳುತ್ತೇನೆ. ಭರಲ್ ಬಗ್ಗೆ ತಕರಾರಿದ್ದರೂ ಬರೆಯಿರಿ.