ರೋಗಿಗೆ ನಿಜ ಹೇಳಬೇಕಾ? ಕಾಂಟ್, ಮಿಲ್, ಅರಿಸ್ಟಾಟಲ್ ಏನಂತಾರೆ?

ರಾತ್ರಿಪಾಳಿ:
ನಾನು ಕ್ಯಾನ್ಸರ್ ವಾರ್ಡ್‌ನಲ್ಲಿ ನರ್ಸ್. ಜೊತೆಗೆ ದೂರಶಿಕ್ಷಣದಲ್ಲಿ ತತ್ವಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ನೀತಿಶಾಸ್ತ್ರದ ಸಿದ್ಧಾಂತಗಳನ್ನು ಹೋಲಿಸಿ ಪರೀಕ್ಷೆಯಲ್ಲಿ ಬರೆದುಬಿಡಬಹುದು. ವಾರ್ಡ್‌ನಲ್ಲಿ ಅದೇ ಪ್ರಶ್ನೆ ಎದುರಾದಾಗ ಕಷ್ಟ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ನಮ್ಮಲ್ಲಿದ್ದಾರೆ. ಹೊಟ್ಟೆಯ ಕ್ಯಾನ್ಸರ್, ಲಿವರ್‌ಗೂ ಹರಡಿದೆ. ಮಕ್ಕಳಿಗೆ ಗೊತ್ತು, ಅವರಿಗೆ ಗೊತ್ತಿಲ್ಲ. "ಅಪ್ಪನಿಗೆ ಅಲ್ಸರ್ ಅಂತ ಹೇಳಿದೀವಿ ಸಿಸ್ಟರ್, ದಯವಿಟ್ಟು ಬಾಯಿ ಬಿಡಬೇಡಿ" ಎಂದು ದೊಡ್ಡ ಮಗ ಕೈಮುಗಿದರು. ಫೈಲನ್ನೂ ಅವರ ಕಣ್ಣಿಗೆ ಬೀಳದ ಹಾಗೆ ಇಡಿ ಅಂದರು. ನಿನ್ನೆ ರಾತ್ರಿ ಡ್ರಿಪ್ ಬದಲಿಸುವಾಗ ಯಜಮಾನರೇ ಕೇಳಿದರು: "ತಾಯೀ, ಈ ಸಲದ ಕೊಯ್ಲಿಗೆ ನಾನು ಇರ್ತೀನಾ? ಇಲ್ಲ ಅಂದ್ರೆ ಮಕ್ಕಳಿಗೆ ಪಾಲಿನ ಕಾಗದ ಮಾಡಿಸಬೇಕು." "ಡಾಕ್ಟರ್ ರೌಂಡ್ಸ್‌ಗೆ ಬಂದಾಗ ಕೇಳೋಣ" ಅಂದೆ.

ಕರ್ತವ್ಯವೇ ಮುಖ್ಯ ಅನ್ನುವ ಜರ್ಮನ್ ತತ್ವಜ್ಞಾನಿ ಕಾಂಟ್ ಪ್ರಕಾರ ಹೇಳಲೇಬೇಕು, ಎಲ್ಲರ ಸುಖ ಹೆಚ್ಚುವುದೇ ಅಳತೆ ಅನ್ನುವ ಇಂಗ್ಲಿಷ್ ತತ್ವಜ್ಞಾನಿ ಮಿಲ್ ಪ್ರಕಾರ ಮುಚ್ಚಿಡಬಹುದು ಅಂತ ನೋಟ್ಸ್‌ನಲ್ಲಿದೆ. ಅಷ್ಟೇನಾ?

ಹಳೇ ಮೇಷ್ಟ್ರು:
ನೋಟ್ಸ್ ಬರೆದವರು ಇಬ್ಬರ ವಿಷಯದಲ್ಲೂ ಅವಸರ ಮಾಡಿದ್ದಾರೆ ಅಮ್ಮಾ.

ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಎಲ್ಲಿ ಅಂದರೂ ಸುಳ್ಳು ಹೇಳಬಾರದು ಎಂದು ಕಾಂಟ್ 1797ರಲ್ಲಿ ಬರೆದ. ಜಾಸ್ತಿ ಜನ ಅದೊಂದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಅದಕ್ಕೂ ಮೊದಲು, 1792ರಲ್ಲಿ, ಮರಿಯಾ ಫಾನ್ ಹರ್ಬರ್ಟ್ ಎಂಬ ಯುವತಿಗೆ ಬರೆದ ಪತ್ರದಲ್ಲಿ ಅವನೇ ಒಂದು ಗೆರೆ ಎಳೆದಿದ್ದಾನೆ. ಮನಸ್ಸಿನಲ್ಲಿರುವುದನ್ನೆಲ್ಲ ಹೇಳದೇ ಇರುವುದು ಬೇರೆ, ಸುಳ್ಳಾಡುವುದು ಬೇರೆ. ನಿಮ್ಮ "ಡಾಕ್ಟರನ್ನು ಕೇಳೋಣ" ಗೆರೆಯ ಈಚೆಗಿದೆ. "ಅಲ್ಸರ್" ಆಚೆಗಿದೆ. ಯಜಮಾನರು ಪಾಲಿನ ಕಾಗದದ ತೀರ್ಮಾನ ತಾವೇ ಮಾಡಬೇಕಾದವರು. ಸುಳ್ಳು ಹೇಳಿದರೆ ಅದನ್ನು ಅವರ ಕೈಯಿಂದ ಕಿತ್ತುಕೊಂಡ ಹಾಗೆ. ಕಾಂಟ್‌ಗೆ ನೋವಾಗುವುದು ಅಲ್ಲಿ.

ಮಿಲ್ 1861ರಲ್ಲಿ ಸತ್ಯದ ನಿಯಮಕ್ಕೂ ವಿನಾಯಿತಿ ಇದೆ ಅಂದ. ಕೊಟ್ಟ ಉದಾಹರಣೆಗಳಲ್ಲಿ ಒಂದು ನಿಮ್ಮದೇ: ತುಂಬಾ ಕಾಯಿಲೆಯಾದವರಿಂದ ಕೆಟ್ಟ ಸುದ್ದಿ ಮುಚ್ಚಿಡುವುದು. ನೋಟ್ಸ್ ಅಲ್ಲಿಗೇ ನಿಂತಿದೆ. ಒಬ್ಬರ ಮಾತನ್ನು ಇನ್ನೊಬ್ಬರು ನಂಬುವುದರ ಮೇಲೇ ಸಮಾಜದ ಸುಖ ನಿಂತಿದೆ, ಆದ್ದರಿಂದ ವಿನಾಯಿತಿಗೆ ಗಟ್ಟಿ ಮಿತಿ ಬೇಕು ಅಂತಲೂ ಅವನು ಅಲ್ಲೇ ಹೇಳಿದ್ದಾನೆ.

ಮಲ್ನಾಡ್ ಸೊಸೆ:
ಮೇಷ್ಟ್ರು ಹೇಳಿದ ನಂಬಿಕೆಯ ಮಾತು ನಮ್ಮ ಮನೆಯಲ್ಲೇ ನೋಡಿದ್ದೇನೆ. ದೊಡ್ಡಮಾವನಿಗೆ ವಿಷಯ ಗೊತ್ತಾಗಿದ್ದು ಪಕ್ಕದ ಬೆಡ್‌ನವರ ಮಾತಿನಿಂದ. ಆಮೇಲೆ ಬರೀ ಗ್ಯಾಸಿನ ಮಾತ್ರೆ ಕೊಟ್ಟರೂ "ಇದು ನಿಜವಾಗಿ ಯಾವುದಕ್ಕೆ?" ಅಂತ ಕೇಳೋರು. ಲಾಭ ನಷ್ಟ ಲೆಕ್ಕ ಹಾಕುವವರು "ಅಪ್ಪ ಕುಗ್ಗಿಹೋಗ್ತಾರೆ" ಅನ್ನುವುದನ್ನು ಮಾತ್ರ ಹಿಡೀತಾರೆ, ಇದನ್ನು ಬಿಡ್ತಾರೆ.

ಆದರೆ ಆ ಮಗನನ್ನು ಸುಮ್ನೆ ಸುಳ್ಳುಗಾರ ಅನ್ನಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ 1982ರಲ್ಲಿ ಎತ್ತಿದ ಮಾತು ಇಲ್ಲಿ ಬೇಕು: ನಿಯಮದ ಜೊತೆಗೆ ಸಂಬಂಧಕ್ಕೂ, ಆರೈಕೆಗೂ ನೀತಿಯಲ್ಲಿ ಜಾಗ ಇದೆ. ಅಪ್ಪನ ಜೊತೆ ರಾತ್ರಿಯಿಡೀ ಕೂರುವವರು ಅವರೇ ಅಲ್ವಾ? ಅವರಿಗೂ ಒಂದು ಆಸರೆ ಬೇಕು.

ನೋವುಶಮನ ಡಾಕ್ಟರ್:
ಹೇಳಬೇಕಾ ಬೇಡವಾ ಅನ್ನುವುದಕ್ಕೂ ಮೊದಲು ಒಂದು ಕೆಲಸ ಇದೆ. ಕೆಟ್ಟ ಸುದ್ದಿ ತಿಳಿಸಲು 2000ನೇ ಇಸವಿಯಲ್ಲಿ ಪ್ರಕಟವಾದ ಸ್ಪೈಕ್ಸ್ ಎಂಬ ಆರು ಹಂತದ ಕ್ರಮದಲ್ಲಿ ಮೂರನೇ ಹಂತವೇ ರೋಗಿಯನ್ನು ಕೇಳುವುದು: ನಿಮಗೆ ಎಷ್ಟು ತಿಳಿಯಬೇಕು? "ನಂಗೆ ಬೇಡ, ಮಗನ ಹತ್ರ ಮಾತಾಡಿ" ಅನ್ನುವವರೂ ಇದ್ದಾರೆ. ಅದೂ ಅವರದೇ ತೀರ್ಮಾನ. ಯಾರಿಗೆ, ಯಾವಾಗ, ಎಷ್ಟು, ಹೇಗೆ ಅನ್ನುವ ಅರಿಸ್ಟಾಟಲ್‌ನ ವಿವೇಕ ನನಗೆ ದಿನಾ ಬೇಕಾಗುವುದು ಇಲ್ಲೇ. ಯಜಮಾನರು ಕೊಯ್ಲಿನ ನೆಪದಲ್ಲಿ ಆಗಲೇ ಬಾಗಿಲು ತೆರೆದಿದ್ದಾರೆ.

ರಾತ್ರಿಪಾಳಿ:
ಎಲ್ಲರಿಗೂ ಥ್ಯಾಂಕ್ಸ್. ನಾಳೆ ಅವರ ಪ್ರಶ್ನೆಯನ್ನು ಅವರದೇ ಮಾತಲ್ಲಿ ನಮ್ಮ ಡಾಕ್ಟರಿಗೆ ತಿಳಿಸುತ್ತೇನೆ. ಮಗನಿಗೂ ಮೊದಲೇ ಹೇಳಿ, ಪಕ್ಕದಲ್ಲಿ ಕೂರಿಸಿಕೊಂಡೇ ಮಾತಾಡಿ ಅಂತ ಕೇಳಿಕೊಳ್ಳುತ್ತೇನೆ.

ಡಾಕ್ಟರೂ ಮಗನ ಪರವೇ ನಿಂತರೆ? ನರ್ಸ್‌ಗೆ ರೋಗದ ಹೆಸರು ಹೇಳುವ ಅಧಿಕಾರ ಇಲ್ಲ. ಆದರೆ ಅವರಾಗಿಯೇ ಕೇಳಿದರೆ, ನಾನು ಅಲ್ಸರ್ ಅನ್ನುವುದಿಲ್ಲ. ಅಷ್ಟರಮಟ್ಟಿಗೆ ನಾನು ಕಾಂಟ್ ಕಡೆ. ಇದನ್ನು ಮಗನಿಗೂ ನೇರವಾಗಿ ಹೇಳಿಬಿಡುತ್ತೇನೆ.