ರಘು ಹಾಕಿದ ಲೇತ್ (ಲೋಹದ ತುಂಡನ್ನ ತಿರುಗಿಸಿ ಕೆತ್ತೋ ಮಷೀನ್) ವಿಡಿಯೋ: ಮೆಕ್ಯಾನಿಕಲ್ ಬ್ಯಾಚ್ ಗುಂಪಲ್ಲಿ ಜಗಳ

ರಘು: [ವಿಡಿಯೋ] ಮನೆ ಲೇತಲ್ಲಿ ಶಾಫ್ಟ್ ಪಾಲಿಶ್ ಮಾಡ್ದೆ, ಫಿನಿಶ್ ಹೆಂಗಿದೆ ನೋಡ್ರೋ

ಕಿಟ್ಟಿ: ಗುರೂ ಮುಖ ಕಾಣ್ತಿದೆ ಅದ್ರಲ್ಲಿ

ವೀಣಾ: ಫಿನಿಶ್ ಆಮೇಲೆ. ಗ್ಲೌಸ್ ಯಾಕೋ ಹಾಕ್ಕೊಂಡಿದೀಯ? ಅದೂ ಎಮರಿ ಪೇಪರ್ ಜಾಬಿಗೆ, ಅಂದ್ರೆ ತಿರುಗೋ ಶಾಫ್ಟಿಗೆ, ಸುತ್ತಿ ಎರಡು ತುದೀನೂ ಒಂದೇ ಕೈಲಿ ಹಿಡ್ಕೊಂಡು

ರಘು: ಬಿಸಿ ಆಗುತ್ತೆ ಕಣೇ, ಲೋಹದ ಚಿಪ್ಸ್ ಬೇರೆ ಚುಚ್ಚುತ್ತೆ. ಗ್ಲೌಸ್ ಇರೋದೇ ಸೇಫ್ಟಿಗೆ ಅಲ್ವಾ

ವೀಣಾ: ತಿರುಗೋ ಮಷೀನ್ ಮುಂದೆ ಅಲ್ಲ. ಬರಿಗೈ ತಾಗಿದ್ರೆ ಚರ್ಮ ಕಿತ್ತು ಬರಬಹುದು, ಗ್ಲೌಸ್ ಸಿಕ್ಕಾಕೊಂಡ್ರೆ ಹರಿಯಲ್ಲ, ಕೈನೇ ಒಳಗೆಳ್ಕೊಳ್ಳುತ್ತೆ

ರಘು: ಗಮನ ಇದ್ರೆ ಏನೂ ಆಗಲ್ಲ. ನಾನು ಲೇತ್ ಮುಂದೆ ನಿಂತ್ರೆ ಫೋನೂ ಮುಟ್ಟಲ್ಲ

ಶಶಿ: ಮತ್ತೆ ವಿಡಿಯೋ ತೆಗ್ದಿದ್ದು ಯಾರಪ್ಪಾ???

ರಘು: ಸ್ಟ್ಯಾಂಡಲ್ಲಿಟ್ಟಿದ್ದೆ ಮಾರಾಯ

ವೀಣಾ: ಗಮನ ಇರ್ಲಿ, ಬೇಡ ಅಂತಿಲ್ಲ, ಆದ್ರೆ ಲೆಕ್ಕ ಹಾಕು. 600 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 10 ಸುತ್ತು, ಏನೋ ಎಳೀತಿದೆ ಅಂತ ಗೊತ್ತಾಗಿ ಕೈ ಹಿಂದಕ್ಕೆ ತಗೊಳ್ಳೋಕೆ ಕಾಲು ಸೆಕೆಂಡ್ ಅಂತ ಇಟ್ಕೋ, ಅಷ್ಟೊತ್ತಿಗೆ ಎರಡೂವರೆ ಸುತ್ತು ಮುಗ್ದಿರುತ್ತೆ, 50 ಎಂಎಂ ದಪ್ಪದ ಜಾಬ್ ಆದ್ರೆ ಹತ್ತತ್ರ 40 ಸೆಂಟಿಮೀಟರ್ ಒಳಗೆ ಹೋಗಿರುತ್ತೆ. ಒಂದು ಮೊಳ ಕಣೋ! ಎಷ್ಟೇ ಎಚ್ಚರ ಇದ್ರೂ ಅಷ್ಟು ಬೇಗ ಕೈ ತೆಗೆಯೋಕಾಗಲ್ಲ, ಅದಕ್ಕೇ ಸಿಕ್ಕಾಕೊಳ್ಳೋದೇನೂ ಅಲ್ಲಿ ಇರಬಾರ್ದು ಅನ್ನೋದು. ಉಂಗುರ, ತುಂಬುತೋಳು, ಬಿಟ್ಟ ಕೂದ್ಲು ಎಲ್ಲಾ ಅದೇ ಲೆಕ್ಕ

ಕಿಟ್ಟಿ: ಅವನಿಗೆ ಕೂದ್ಲಿನ ಚಿಂತೆ ಇಲ್ಲ ಬಿಡಿ

ರಘು: ಲೋ! ಸರಿ, ಮತ್ತೆ ಪಾಲಿಶ್ ಹೆಂಗ್ ಮಾಡ್ಲಿ?

ಶಶಿ: ಪೇಪರ್‌ನ ಮರದ ಪಟ್ಟಿಗೆ ಅಂಟಿಸಿ ಒತ್ತು, ಬೆರಳಿಗೆ ಮಾತ್ರ ಸುತ್ತಬೇಡ. ಸುರುಳಿ ಚಿಪ್ಸ್ ಕೈಲಿ ಎಳೀಬೇಡ, ಮಷೀನ್ ನಿಲ್ಸಿ ಕೊಕ್ಕೆ ಇಲ್ಲಾ ಬ್ರಷ್ ತಗೋ. ಇನ್ನೊಂದು, ಚಕ್ ಕೀ (ಜಾಬ್ ಹಿಡಿಯೋ ಚಕ್ ಬಿಗಿ ಮಾಡೋ ಕೀಲಿ) ಚಕ್ಕಲ್ಲೇ ಬಿಟ್ಟು ಅಳತೆಯ ವರ್ನಿಯರ್ ತಗೊಳ್ಳೋಕೆ ತಿರುಗಿದೀಯ, ವಿಡಿಯೋ ನೀನೇ ಮತ್ತೆ ನೋಡು

ರಘು: ಆಗ ಮಷೀನ್ ಆಫ್ ಇತ್ತಲ್ಲೋ

ಶಶಿ: ಆಫ್ ಇದ್ದಾಗ್ಲೇ ಮರೆಯೋದು! ಮರೆತು ಆನ್ ಮಾಡಿದ್ರೆ ಆ ಕೀ ಹಾರಿ ಎಲ್ಲಿಗೆ ಬರುತ್ತೆ? ಕೀ ಚಕ್ಕಲ್ಲಿರೋವರೆಗೂ ಕೈ ಬಿಡಬಾರ್ದು, ಅಷ್ಟೆ. ಸ್ಪ್ರಿಂಗ್ ಇರೋ ಕೀ ಸಿಗುತ್ತೆ, ಕೈ ಬಿಟ್ರೆ ತಾನೇ ಆಚೆ ಬರುತ್ತೆ

ಕಿಟ್ಟಿ: ನಂದೊಂದು ಡೌಟು. ಮಧ್ಯೆ ಕರೆಂಟ್ ಹೋಗಿ ಬಂದ್ರೆ?

ರಘು: ಸ್ವಿಚ್ ಆನಲ್ಲೇ ಇರುತ್ತಲ್ಲ, ತಾನೇ ಶುರು ಆಗುತ್ತೆ

ವೀಣಾ: ಅಯ್ಯೋ ದೇವ್ರೇ. ಕರೆಂಟ್ ಇಲ್ಲ ಅಂತ ನೀನು ಜಾಬ್ ಬಿಚ್ತಾ ಇರ್ತೀಯ, ಅಷ್ಟರಲ್ಲಿ ಬಂತು ಅಂದ್ರೆ?? ನೋ-ವೋಲ್ಟ್ ಸ್ವಿಚ್ ಹಾಕ್ಸು, ಮತ್ತೆ ಹಸಿರು ಬಟನ್ ಒತ್ತೋವರೆಗೂ ತಿರುಗಲ್ಲ

ರಘು: ಗ್ಲೌಸ್ ಬಿಟ್ಟೆ ಬಿಡು. ಸ್ವಿಚ್ ಮುಂದಿನ ತಿಂಗ್ಳು ನೋಡ್ತೀನಿ

ವೀಣಾ: ಹಂಗಾದ್ರೆ ಲೇತೂ ಮುಂದಿನ ತಿಂಗ್ಳೇ

ಕಿಟ್ಟಿ: ರಘು ಟೈಪಿಂಗ್ ಅಂತ ಬರ್ತಿದೆ, ಆವಾಗಿಂದ