ಅಳಿವಿನಂಚಿನ ಭಾಷೆಯ ಮೇಲೆ ಪಿಎಚ್.ಡಿ.: ವ್ಯಾಕರಣ ಬರೆಯಲೋ, ಕಥೆ ರೆಕಾರ್ಡ್ ಮಾಡಲೋ?

ಮೊಮ್ಮಗಳು:
ಭಾಷಾಶಾಸ್ತ್ರದಲ್ಲಿ ಎಂ.ಎ. ಮುಗಿಯುತ್ತಾ ಬಂತು. ನಮ್ಮಜ್ಜಿಯ ಮಾತನ್ನು ಆಡುವವರು ಈಗ ಬೆರಳೆಣಿಕೆಯಷ್ಟು ಜನ, ಎಲ್ಲರಿಗೂ ವಯಸ್ಸಾಗಿದೆ. ನನಗೆ ಕೇಳಿದರೆ ಅರ್ಥವಾಗುತ್ತದೆ, ಆಡಲು ಹೋದರೆ ನಾಲಿಗೆ ತೊಡರುತ್ತದೆ. ಪಿಎಚ್.ಡಿ.ಗೆ ಇದನ್ನೇ ತೆಗೆದುಕೊಳ್ಳಬೇಕೆಂದಿದ್ದೇನೆ. ಗೈಡ್ ಆಗಲು ಒಪ್ಪಿದವರು "ವ್ಯಾಕರಣ ಬರಿ, ಥೀಸಿಸ್‌ಗೆ ಅದೇ ಗಟ್ಟಿ" ಅಂತಾರೆ. ಹಿರಿಯರಿಗೆ ತಮ್ಮ ಕಥೆ, ಹಾಡು ಉಳಿಯಬೇಕು. ಎರಡೂ ಒಟ್ಟಿಗೆ ಆಗುತ್ತದಾ? ಅನುಭವ ಇದ್ದವರು ಹೇಳಿ.

ಧ್ವನಿಪೆಟ್ಟಿಗೆ:
ಪ್ರವೇಶ ಸಿಗುವವರೆಗೆ ಕಾಯಬೇಡಿ, ರೆಕಾರ್ಡಿಂಗ್ ಇವತ್ತೇ ಶುರು ಮಾಡಿ. ಡಬ್ಲ್ಯೂಎವಿ ಫೈಲ್, 48 ಕಿಲೋಹರ್ಟ್ಸ್, 24 ಬಿಟ್. ಎಂಪಿ3 ಬೇಡ, ಅದರಲ್ಲಿ ಹೋದ ದನಿಯ ವಿವರ ಮತ್ತೆ ಬರುವುದಿಲ್ಲ. ಫ್ಯಾನ್ ಆರಿಸಿ, ಮೈಕನ್ನು ಬಾಯಿಗೆ ಹತ್ತಿರ ಇಡಿ. ಯಾರು, ಯಾವಾಗ, ಯಾರ ಎದುರು ಮಾತಾಡಿದರು ಅಂತ ಅಂದೇ ರಾತ್ರಿ ಬರೆದಿಡಿ.

ಟಿಪ್ಪಣಿಪುಸ್ತಕ:
ನಾನು ಇದೇ ಗೊಂದಲದಲ್ಲಿ ಪಿಎಚ್.ಡಿ.ಯ ಮೊದಲ ವರ್ಷ ಕಳೆದವಳು. ವ್ಯಾಕರಣ ಬರೆಯಿರಿ, ಆದರೆ ಕಥೆಯೊಳಗಿಂದ ತೆಗೆದು ಬರೆಯಿರಿ.

ಮೊದಲ ಫೀಲ್ಡ್‌ವರ್ಕ್‌ಗೆ ಪ್ರಶ್ನಾವಳಿ ಹಿಡಿದು ಹೋಗಿದ್ದೆ. "ಅವನು ಮರ ಕಡಿದ", "ಅವನು ಮರ ಕಡಿಯುತ್ತಾನೆ", ಹೀಗೆ 300 ವಾಕ್ಯ. ಆ ಹಿರಿಯಾಕೆ ತಾಳ್ಮೆಯಿಂದ ಒಂದೊಂದನ್ನೂ ತಮ್ಮ ಮಾತಿಗೆ ತಿರುಗಿಸಿದರು. ನಾಲ್ಕನೇ ದಿನ ಅವರ ತಂಗಿ ಬಂದು ಕೂತರು. ಅಕ್ಕತಂಗಿಯರು ನನ್ನನ್ನು ಮರೆತು ಯಾರದೋ ಮನೆ ಜಗಳದ ಸುದ್ದಿಗೆ ಇಳಿದರು. ರೆಕಾರ್ಡರ್ ಆನ್ ಇತ್ತು. ಆ 11 ನಿಮಿಷದಲ್ಲಿ ಕ್ರಿಯಾಪದದ ತುದಿಗೆ ಒಂದು ಸಣ್ಣ 'ನ' ಮತ್ತೆ ಮತ್ತೆ ಬಂತು. ನನ್ನ 300 ವಾಕ್ಯಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ. ತಾನು ಕಣ್ಣಾರೆ ಕಂಡದ್ದಲ್ಲ, ಇನ್ನೊಬ್ಬರಿಂದ ಕೇಳಿದ್ದು ಎಂದು ತಿಳಿಸುವ ಪ್ರತ್ಯಯ ಅದು. ಪ್ರಶ್ನೆಗೆ ಉತ್ತರ ಕೊಡುವಾಗ ಯಾರಿಗೂ ಅದು ಬೇಕಾಗಲ್ಲ, ಸುದ್ದಿ ಹೇಳುವಾಗ ಬೇಕು. ನನ್ನ ಥೀಸಿಸ್‌ನ ಒಂದು ಇಡೀ ಅಧ್ಯಾಯ ಆ ಜಗಳದ ಸುದ್ದಿಯಿಂದ ಹುಟ್ಟಿತು.

ಆದರೆ ಆ 11 ನಿಮಿಷವನ್ನು ಬರೆದಿಳಿಸಲು ಎರಡೂವರೆ ದಿನ ಹಿಡಿಯಿತು. ಎಲಾನ್ ತಂತ್ರಾಂಶದಲ್ಲಿ ತುಂಡು ತುಂಡು ಮಾಡಿ, ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇಲ್ಲಿ ಏನಂದ್ರಿ?" ಅಂತ ಕೇಳಿ ಕೇಳಿ ಬರೆದೆ. ಕೋರ್ಸ್ ಆರಿಸುವಾಗ ಇದನ್ನೇ ವಿಚಾರಿಸಿ: ಜನರ ಜೊತೆ ಕೂರಲು ಎಷ್ಟು ತಿಂಗಳು ಬಿಡುತ್ತಾರೆ? ವಿಭಾಗದ ಹೆಸರು ಎಷ್ಟು ದೊಡ್ಡದು ಅನ್ನುವುದು ಆಮೇಲಿನ ಮಾತು. ಖರ್ಚಿಗೆ ಇಎಲ್‌ಡಿಪಿ (ಅಳಿವಿನಂಚಿನ ಭಾಷೆಗಳ ದಾಖಲೀಕರಣಕ್ಕೆ ಹಣ ಕೊಡುವ ಯೋಜನೆ) ನೋಡಿ, ಪಿಎಚ್.ಡಿ. ವಿದ್ಯಾರ್ಥಿಗಳ ಫೀಲ್ಡ್‌ವರ್ಕ್‌ಗೂ ಧನಸಹಾಯ ಕೊಡುತ್ತಾ ಬಂದಿದೆ. ಆ ಹಣದಲ್ಲಿ ಮಾಡಿದ ರೆಕಾರ್ಡಿಂಗ್‌ಗಳನ್ನು ಇಂಥ ಭಾಷೆಗಳ ದನಿ ಕಾಯ್ದಿಡುವ ಇಎಲ್‌ಎಆರ್ ಆರ್ಕೈವ್‌ಗೆ ಒಪ್ಪಿಸಬೇಕು.

ಗೈಡ್‌ಗೆ ಭಾಷಾಶಾಸ್ತ್ರಜ್ಞ ನಿಕೋಲಾಸ್ ಹಿಮ್ಮೆಲ್‌ಮಾನ್ ಅವರ 1998ರ ಲೇಖನ ಕೊಡಿ. ದಾಖಲೀಕರಣಕ್ಕೆ, ಅಂದರೆ ಜನರ ಮಾತನ್ನು ರೆಕಾರ್ಡ್ ಮಾಡಿ ಬರೆದಿಡುವ ಕೆಲಸಕ್ಕೆ, ತನ್ನದೇ ಗುರಿಗಳಿವೆ, ಅದು ವ್ಯಾಕರಣ ವಿವರಣೆಯ ಬಾಲವಲ್ಲ ಎಂದು ವಾದಿಸಿದ್ದು ಅದರಲ್ಲೇ.

ಧ್ವನಿಪೆಟ್ಟಿಗೆ:
ವ್ಯಾಕರಣವೂ ಜನರಿಗೆ ಬೇಕಾಗುತ್ತದೆ, ಅದನ್ನು ಹಗುರ ಮಾಡಬೇಡಿ. ಅಮೆರಿಕದ ವಾಂಪನೋಆಗ್ ಭಾಷೆ ಆಡುವವರಿಲ್ಲದೆ ನೂರು ವರ್ಷ ದಾಟಿತ್ತು. ಆ ಸಮುದಾಯದ ಜೆಸ್ಸಿ ಲಿಟಲ್ ಡೋ ಬೇರ್ಡ್ ಎಂಐಟಿಯಲ್ಲಿ ಭಾಷಾಶಾಸ್ತ್ರಜ್ಞ ಕೆನೆತ್ ಹೇಲ್ ಅವರ ಬಳಿ ಕಲಿತು 2000ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಕೈಯಲ್ಲಿದ್ದದ್ದು ಆ ಭಾಷೆಗೆ ಆದ 1663ರ ಬೈಬಲ್ ಅನುವಾದ, ಹಳೆಯ ಪತ್ರಗಳು, ಸೋದರ ಭಾಷೆಗಳ ವ್ಯಾಕರಣ, ಅಷ್ಟೇ. ಅವುಗಳಿಂದಲೇ ಭಾಷೆಯನ್ನು ಮರಳಿ ಕಟ್ಟಿ, ತಮ್ಮ ಮಗಳನ್ನು ಅದರಲ್ಲೇ ಬೆಳೆಸಿದರು.

ಮೊಮ್ಮಗಳು:
ಅಕ್ಕ, ನೀವು ಬರೆದದ್ದನ್ನು ಅಮ್ಮನಿಗೂ ಓದಿ ಹೇಳಿದೆ. ಇನ್ನೊಂದು ಪ್ರಶ್ನೆ. ಒಂದು ಹಾಡನ್ನು ಅಜ್ಜಿ ರೆಕಾರ್ಡ್ ಮಾಡಲು ಬಿಟ್ಟರು, ಆದರೆ "ಮನೆಯವರ ಹೊರತು ಯಾರಿಗೂ ಕೇಳಿಸಬೇಡ" ಅಂದರು. ಥೀಸಿಸ್‌ನಲ್ಲಿ ಹಾಕಬಹುದಾ?

ಟಿಪ್ಪಣಿಪುಸ್ತಕ:
ಬೇಡ. ಒಂದು ಸಾಲು ಕೂಡ ಉದಾಹರಣೆಗೆ ತೆಗೆದುಕೊಳ್ಳಬೇಡಿ. ಆರ್ಕೈವ್‌ನಲ್ಲಿ ಒಂದೊಂದು ಫೈಲ್‌ಗೂ ಯಾರು ಕೇಳಬಹುದೆಂದು ಬೇರೆ ಬೇರೆ ನಿಯಮ ಹಾಕಬಹುದು. ಅಲ್ಲಿಗೆ ಕಳಿಸಬೇಕೋ ಬೇಡವೋ ಎಂಬುದನ್ನೂ ಅಜ್ಜಿಯೇ ಹೇಳಲಿ. ನಾಳೆ ಮತ್ತೆ ಅವರ ಹತ್ತಿರ ಕೂತು, ಆ ಷರತ್ತನ್ನು ಅವರದೇ ಮಾತಿನಲ್ಲಿ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಿ. ಹಾಡಿನ ಫೈಲ್ ಪಕ್ಕದಲ್ಲೇ ಅದನ್ನೂ ಇಡಿ.